ದೃಷ್ಟಿಗೆ ಕಟ್ಟಿದ ಪಟಿಕ

ಗಿರಿ ಹೇಳುವುದರಲ್ಲಿ ಮುಕ್ಕಾಲು ಪಾಲು ಬೆರಕೆ ಎಂದು ಮಾರಿಕುಪ್ಪಂ ರೈಲಿನವರಿಗೆಲ್ಲ ಗೊತ್ತು. ಇದೊಂದು ಮಾತ್ರ ಅಪ್ಪಟ ನಿಜ. ಎಷ್ಟು ನಿಜವೆಂದರೆ, ಎರಡು ತಿಂಗಳು ಅವನ ಬಾಯಿಂದ ಹೊರಗೇ ಬರಲಿಲ್ಲ.

ಚಾಂಪಿಯನ್ ರೀಫ್ಸ್ ಹತ್ತಿರದ ಕಾಲೇಜಿನ ಲ್ಯಾಬಿನಲ್ಲಿ ಅವನೂ ಅಂಬಿಕಳೂ ಹರಳು ಬೆಳೆಸುವವರು. ಅವಳು ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಬೆಳಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ ರೈಲು ಹತ್ತುತ್ತಿದ್ದಳು. ಮೂರು ವರ್ಷ ಹಿರಿಯಳಾದ್ದರಿಂದ ಗಿರಿಗೆ ಅಂಬಿಕಕ್ಕ. ಅವಳ ಹರಳು ಕೆಡಿಪಿ ಎನ್ನುವ ಉಪ್ಪಿನದು. ಕಣ್ಣಿಗೆ ಕಾಣದ ಲೇಸರ್ ಒಂದು ಕಡೆ ಹೊಕ್ಕರೆ ಇನ್ನೊಂದು ಕಡೆ ಹಸಿರಾಗಿ ಹೊರಬರಬೇಕು. ಉಪ್ಪಿನ ದ್ರಾವಣಕ್ಕೆ ಅಲನೈನ್ ಎನ್ನುವ ಅಮೈನೋ ಆಮ್ಲವನ್ನು ಚಿಟಿಕೆಯಷ್ಟು ಬೆರೆಸಿದರೆ ಹರಳು ತಿಳಿಯಾಗಿ ಬೆಳೆದು ಆ ಹಸಿರು ಹೆಚ್ಚುತ್ತದೆ ಎಂದು ತೋರಿಸುವುದೇ ಅವಳ ಪಿಎಚ್‌ಡಿ. ಏಳನೆಯ ವರ್ಷ. ಕರೆಂಟು ಹೋಗಿ ಮೂರು ಸಲ ಹರಳು ಕೆಟ್ಟಿತ್ತು. ಡಿಸೆಂಬರ್ ಮುಗಿಯುವುದರೊಳಗೆ ಬೆಂಗಳೂರಿನಲ್ಲಿ ಲೇಸರ್ ಪರೀಕ್ಷೆ ಆಗದಿದ್ದರೆ ರಿಜಿಸ್ಟ್ರೇಶನ್ ರದ್ದು. ಹರಳು ಬೆಳೆಯಲು ಐವತ್ತು ದಿನ ಬೇಕು.

ಆಯುಧಪೂಜೆಯ ದಿನ ಅಟೆಂಡರ್ ಸೀನಪ್ಪ ಯಂತ್ರಗಳಿಗೆಲ್ಲ ಕುಂಕುಮ ಇಟ್ಟು, ಅಂಬಿಕಮ್ಮನ ಹರಳಿಗೆ ಯಾರ ಕಣ್ಣೂ ಬೀಳದಿರಲಿ ಎಂದು ಬಾಗಿಲಿಗೊಂದು ಪಟಿಕದ ಗಡ್ಡೆ ಕಟ್ಟಿದ. ಗಿರಿಯ ಕೈ ಸುಮ್ಮನಿರಲಿಲ್ಲ. ಪಟಿಕದ ದಪ್ಪ ಚೂರೊಂದನ್ನು ಮುರಿದುಕೊಂಡು, ಅವಳ ಬೀಕರಿನ ದಾರದಲ್ಲಿದ್ದ ಕಡಲೆಗಾತ್ರದ ಮರಿಹರಳನ್ನು ಬಿಚ್ಚಿ, ಆ ಜಾಗಕ್ಕೆ ಇದನ್ನು ನೇತುಹಾಕಿದ. ಒಂದೇ ದಿನಕ್ಕೆ ಇಷ್ಟು ಬೆಳೆದಿದೆಯೆಂದು ಅವಳು ಕುಣಿಯಬೇಕು, ತಾನು ಗೈಡ್ ರವಿಶಂಕರ್ ಮೇಷ್ಟ್ರ ಮೂಗುದನಿಯಲ್ಲಿ ಶಹಬ್ಬಾಸ್ ಹೇಳಬೇಕು. ಆದರೆ ಮನೆಯಲ್ಲಿ ಹಸು ಕರು ಹಾಕಿತೆಂದು ಅವಳು ಎರಡು ದಿನ ಬರಲಿಲ್ಲ. ಅಷ್ಟರಲ್ಲಿ ಪಟಿಕ ಕರಗಿಹೋಗಿತ್ತು. ಗಿರಿ ಮರಿಹರಳನ್ನು ಮತ್ತೆ ಕಟ್ಟಿ ಸುಮ್ಮನಾದ. ಪಟಿಕ ತಾನೇ, ಕುಡಿಯುವ ನೀರು ತಿಳಿಯಾಗಲಿ ಎಂದು ಊರವರೇ ಹಾಕುತ್ತಾರೆ.

ಹದಿನೈದು ದಿನಕ್ಕೆ ಹರಳು ಮೊನೆಯಾಗತೊಡಗಿತು. ಕಂಬದಂತೆ ನೆಟ್ಟಗೆ ಏಳಬೇಕಾದದ್ದು ಮುಳ್ಳಿನಂತೆ ಸಣ್ಣಗಾಗುತ್ತ ಬಂತು, ಒಳಗೆ ಮಂಜು ಕಟ್ಟಿತು. ಅಲ್ಯೂಮಿನಿಯಂ ಒಂದಿಷ್ಟು ಸೇರಿದರೂ ಕೆಡಿಪಿಯ ಪಕ್ಕೆಗಳಿಗೆ ಅಂಟಿಕೊಂಡು ಬೆಳೆಯಲು ಬಿಡುವುದಿಲ್ಲ ಎಂದು ಗಿರಿ ಅವತ್ತೇ ಪುಸ್ತಕ ತೆಗೆದು ಓದಿದ. ಪಟಿಕದಲ್ಲಿರುವುದು ಅದೇ. ಐವತ್ತು ದಿನದ ಲೆಕ್ಕ ಹಿಡಿದರೆ, ಹೊಸ ಬೀಕರ್ ಇಡಲು ಇನ್ನೂ ನಾಲ್ಕು ದಿನ ಸಮಯವಿತ್ತು. ನಾಳೆ ಹೇಳೋಣ ಎಂದುಕೊಂಡ.

ಅವಳು ಹೊಸದು ಇಡಲಿಲ್ಲ. ತನ್ನ ಅಲನೈನೇ ಹರಳನ್ನು ಕೆಡಿಸುತ್ತಿದೆ, ಮತ್ತೆ ಇಟ್ಟರೂ ಇದೇ ಗತಿ ಎಂದು ನಂಬಿಬಿಟ್ಟಳು. ಅದಲ್ಲದಿದ್ದರೆ ಹಸು ಕರೆದ ಕೈ ತೊಳೆದದ್ದು ಸಾಲದೇನೋ ಎಂದು ಉಜ್ಜಿ ಉಜ್ಜಿ ಬೆರಳ ಸಿಪ್ಪೆ ಏಳಿಸಿಕೊಂಡಳು. ಡಿಸೆಂಬರಿನಲ್ಲಿ ಮೇಷ್ಟ್ರು ಹರಳನ್ನು ಬೆಳಕಿಗೆ ಹಿಡಿದು ನೋಡಿ, ಕನ್ನಡಕ ತೆಗೆದು, ಸಾಕು ಬಿಡಮ್ಮ, ಇಲ್ಲಿಗೆ ನಿಲ್ಲಿಸು ಎಂದರು.

ಆ ಸಂಜೆ ರೈಲಿನಲ್ಲಿ ಹತ್ತಿಯಲ್ಲಿ ಸುತ್ತಿದ ಹರಳು ಅವಳ ಮಡಿಲಲ್ಲಿತ್ತು. ಗಿರಿ ಮೊದಲು ಮೇಷ್ಟ್ರ ದನಿಯಲ್ಲೇ ಶುರುಮಾಡಿದ. ನಾಲ್ಕು ಮಾತಿಗೆ ಆ ದನಿ ಕೈಕೊಟ್ಟಿತು.

"ಅಂಬಿಕಕ್ಕ, ಅಲನೈನ್ ತಪ್ಪಲ್ಲ. ಬೀಕರಿಗೆ ನಾನು ಪಟಿಕ ಆಕಿದ್ದೆ."

"ಯಾವಾಗ್ಲಾ?"

"ಆಯುಧಪೂಜೆ ದಿನ. ನಿನ್ನ ನಗಿಸಾಣ ಅಂತ."

ಅವಳು ಸಿಪ್ಪೆಯೆದ್ದ ಬೆರಳುಗಳನ್ನು ನೋಡಿಕೊಂಡಳು.

"ಅಂಗಾರೆ ನಂದು ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು."

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಂತೆ. "ಸರಿಯಾಗೇ ಇತ್ತಂತೆ ಕಣಕ್ಕಾ" ಎಂದು ಎದುರು ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದಳು. ಏನೆಂದು ತಿಳಿಯದೆ ಆಕೆ ನಕ್ಕಳು, ಆಕೆಯ ಪಕ್ಕದವರು ನಕ್ಕರು. ಗಿರಿ ಇದ್ದ ಮೇಲೆ ಏನೋ ತಮಾಷೆಯಿರಬೇಕು ಎಂದು ಇಡೀ ಡಬ್ಬಿಯೇ ನಕ್ಕಿತು. ನಗದವನು ಗಿರಿಯೊಬ್ಬನೇ. ಬಂಗಾರಪೇಟೆ ಬಂದು ಗಾಡಿ ನಿಂತರೂ, ಎಲ್ಲರ ನಗುವಿನ ಮೇಲೆ ಅಂಬಿಕಳದ್ದೇ ಕೇಳುತ್ತಿತ್ತು.