ಕೆಳಗಿಳಿದ ಗೆರೆ

ನಮ್ಮ ಆರೋಗ್ಯ ಕಚೇರಿಯ ದೊಡ್ಡ ಸಾಹೇಬರು ಪರದೆಯ ಮೇಲಿನ ಗ್ರಾಫಿನ ಗೆರೆಗೆ ಕೋಲು ತಾಗಿಸಿ, "ನೋಡಿ, ಕರುಳಿನ ಉರಿಯೂತ ನಮ್ಮ ಭಾಗದಲ್ಲಿ ಈಗ ಇಲ್ಲವೇ ಇಲ್ಲ. ಇಪ್ಪತ್ತೈದು ವರ್ಷದ ಲೆಕ್ಕ ಇದು," ಎಂದರು. ಸಭೆಗೆ ಹನ್ನೆರಡು ಆಸ್ಪತ್ರೆಗಳಿಂದ ಬಂದಿದ್ದ ವೈದ್ಯರು ತಲೆಯಾಡಿಸಿದರು. ನನಗೆ ಪಿತ್ತ ನೆತ್ತಿಗೇರಿತು.

ಆ ಲೆಕ್ಕ ಬರೆದವಳು ನಾನು. ದಾಖಲೆ ಕೋಣೆಯ ಗುಮಾಸ್ತೆ. ಆ ಆಸ್ಪತ್ರೆಗಳಿಂದ ಬರುವ ರೋಗಿಗಳ ಚೀಟಿಯಲ್ಲಿ ವೈದ್ಯರು ಯಾವ ರೋಗ ಬರೆದಿದ್ದಾರೋ ಅದನ್ನೇ ರಿಜಿಸ್ಟರಿಗೆ ಇಳಿಸುವುದು ನನ್ನ ಕೆಲಸ. ಮೊದಲ ವರ್ಷ ಒಂಬತ್ತು ಜನ, ಹತ್ತನೇ ವರ್ಷ ಐವತ್ತೆರಡು, ಹದಿನೆಂಟನೇ ವರ್ಷ ನೂರಾ ನಲವತ್ತು. ಹತ್ತೊಂಬತ್ತನೇ ವರ್ಷ ಗೆರೆ ದೊಪ್ಪನೆ ನೆಲಕ್ಕೆ ಬಿತ್ತು. ಆ ವರ್ಷ ರೋಗ ಹೋಗಲಿಲ್ಲ, ಕರುಳಿನೊಳಗೆ ಇಳಿಸಿ ನೋಡುವ ಕ್ಯಾಮೆರಾ ಕೆಟ್ಟಿತು. ಇಡೀ ಭಾಗಕ್ಕೆ ಇದ್ದದ್ದೇ ಒಂದು. ಅದರಲ್ಲಿ ನೋಡದೆ ಈ ರೋಗದ ಹೆಸರು ಬರೆಯಬಾರದೆಂಬುದು ನಿಯಮ. ಹಾಗಾಗಿ ವೈದ್ಯರು ರಕ್ತ ಹೋದರೆ ಮೂಲವ್ಯಾಧಿ, ಹೊಟ್ಟೆ ಕೆಟ್ಟರೆ ಭೇದಿ ಎಂದು ಗೀಚಿ ಕೈತೊಳೆದುಕೊಂಡರು. ನಾನೂ ತುಟಿಪಿಟಿಕ್ಕೆನ್ನದೆ ಇಳಿಸಿದೆ.

ನನ್ನ ತಂಗಿ ಶಾಲೆಯ ಟೀಚರು. ಎರಡು ವರ್ಷದಿಂದ ಒಂದು ಪಿರಿಯಡ್ ಮುಗಿಯುವಷ್ಟರಲ್ಲಿ ಎರಡು ಸಲ ಶೌಚಾಲಯಕ್ಕೆ ಓಡುತ್ತಾಳೆ, ರಕ್ತವೂ ಹೋಗುತ್ತದೆ. ಮಕ್ಕಳು "ಎಕ್ಸ್‌ಪ್ರೆಸ್ ಮಿಸ್" ಎಂದು ಹೆಸರಿಟ್ಟಾಗ ಅವಳೂ ನಕ್ಕಿದ್ದಳು. ಹದಿನಾಲ್ಕು ಕೆಜಿ ಇಳಿದ ಮೇಲೆ ನಗುವುದನ್ನು ಬಿಟ್ಟಳು. ಹೊಸ ಕ್ಯಾಮೆರಾ ಬೇಡವೆಂದು ಈ ಸಭೆ ಬರೆದರೆ ಅವಳಿಗೆ ಏನಾಗಿದೆಯೆಂದು ಇಲ್ಲಿ ಯಾರೂ ಹೇಳಲಾರರು. ಹೇಳದ ರೋಗಕ್ಕೆ ಮದ್ದೂ ಇಲ್ಲ.

"ಕ್ಯಾಮೆರಾ ಅಗತ್ಯವಿಲ್ಲ ಅಂತ ಬರೀತಿದೀನಿ. ಲೆಕ್ಕ ಸರಿಯಿದೆ ಅಂತ ಒಂದು ಸಹಿ ಹಾಕಮ್ಮ," ಎಂದು ಸಾಹೇಬರು ಕಾಗದ ನನ್ನತ್ತ ತಳ್ಳಿದರು.

"ಕನ್ನಡಿ ಒಡೆದು, ಮುಖದ ಕಲೆ ಹೋಯ್ತು ಅಂದ್ರೆ ಆಗುತ್ತಾ ಸರ್?"

"ಬಾಯಿ ಬಿಗಿಹಿಡಿದು ಮಾತಾಡಿ. ರಿಜಿಸ್ಟರಲ್ಲಿ ಏನಿದೆ ಅದನ್ನ ಹೇಳಿ."

"ಏಳು ವರ್ಷ ಸೊನ್ನೆ ಇದೆ. ನೋಡಿಲ್ಲ ಅಂತ ಬರೀಬೇಕಿತ್ತು, ಇಲ್ಲ ಅಂತ ಬರೆದಿದೀವಿ. ಕ್ಯಾಮೆರಾ ಕೆಟ್ಟಿದೆ ಅಂತ ಇಲ್ಲಿ ಕೂತಿರೋ ಯಾರಿಗೆ ಗೊತ್ತಿರಲಿಲ್ಲ?"

ಓದಿ ಡಾಕ್ಟರಾದವರೆಲ್ಲ ಬಿಸ್ಕತ್ತಿನ ತಟ್ಟೆ ನೋಡತೊಡಗಿದರು. ನಾನು ಸಹಿಯ ಜಾಗದ ಮೇಲೆ ಬರೆದೆ: "ಏಳು ವರ್ಷದಿಂದ ಯಾರನ್ನೂ ಪರೀಕ್ಷಿಸಿಲ್ಲ. ಈ ಸೊನ್ನೆಗಳು ಸುಳ್ಳು." ಕೆಳಗೆ ಸಹಿ ಹಾಕಿ, ಹೊಡೆದುಹಾಕಲಾಗದಂತೆ ಕಚೇರಿಯ ಮೊಹರನ್ನೂ ಒತ್ತಿದೆ. ಸಾಹೇಬರ ಮುಖ ಕೆಂಪಾಯಿತು. "ಇದಕ್ಕೆ ಅನುಭವಿಸ್ತೀರಿ," ಎಂದರು. ಆದರೆ ಕ್ಯಾಮೆರಾ ಬೇಡವೆಂಬ ತೀರ್ಮಾನವನ್ನು ಅಂದು ಬರೆಯಲಾಗಲಿಲ್ಲ.

ಸಂಜೆ ತಂಗಿಗೆ ಎಲ್ಲವನ್ನೂ ಹೇಳಿದೆ. ಶಭಾಷ್ ಎನ್ನುತ್ತಾಳೆಂದು ಕಾದೆ. ಅವಳು ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು.

"ಅಕ್ಕಾ, ನಾನೂ ಎರಡು ಸಲ ತೋರಿಸಿದ್ನಲ್ಲ. ನನ್ನ ಚೀಟಿನೂ ನಿನ್ನ ಕೈಗೇ ಬಂದಿರಬೇಕು. ಏನಂತ ಬರೆದೆ?"

"ಮೂಲವ್ಯಾಧಿ ಅಂತ."

"ಎರಡು ಸಲಾನೂ?"

"ಹೂಂ."

"ಅದು ಅಲ್ಲ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು," ಎಂದೆ.