ಕಡಸಿಗೆ ಹೇಳಿದ ಮಾತು

ಎಲ್ಡನ್ ಶ್ರೀಡರ್ ಬೆರಳೆತ್ತಲಿಲ್ಲ ಎಂಬ ಸುದ್ದಿ ಊರೆಲ್ಲ ಹಬ್ಬುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು.

ನೆಬ್ರಾಸ್ಕಾದ ಆ ಭಾಗದ ಮಣ್ಣುರಸ್ತೆಗಳಲ್ಲಿ ಎದುರಿಗೆ ಗಾಡಿ ಬಂತೆಂದರೆ, ಅದು ಯಾರದ್ದೇ ಇರಲಿ, ಸ್ಟೀರಿಂಗ್ ಹಿಡಿದ ಕೈಯಿಂದಲೇ ತೋರುಬೆರಳನ್ನು ಸ್ವಲ್ಪ ಎತ್ತಬೇಕು. ಕೈ ಬೀಸುವುದೂ ಬೇಡ, ನಗುವುದೂ ಬೇಡ, ಬೆರಳೊಂದು ಎದ್ದು ಮಲಗಿದರೆ ಸಾಕು. ಆಸ್ತಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರೂ ಎತ್ತುತ್ತಾರೆ. ಅಂಥದ್ದರಲ್ಲಿ ಪಕ್ಕದ ಹೊಲದ ಕೊವಾರಿಕ್‌ರ ಮಗಳು ಕೋರಾ ತನ್ನ ಹಳೇ ಪಿಕಪ್‌ನಲ್ಲಿ ಎದುರಿಗೆ ಬಂದಾಗ ಎಲ್ಡನ್ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಕತ್ತನ್ನು ಜೋಳದ ಹೊಲದ ಕಡೆ ತಿರುಗಿಸಿಕೊಂಡು ಹೋಗಿದ್ದ. ಹಿಂದೆ ಬರುತ್ತಿದ್ದ ಹಾಲಿನ ಲಾರಿಯವನು ಅದನ್ನು ಕಣ್ಣಾರೆ ಕಂಡಿದ್ದ.

ಕೋರಾಳ ಮೇಲೆ ಎಲ್ಡನ್‌ಗೆ ಕೋಪವೇನೂ ಇರಲಿಲ್ಲ. ಅವಳು ಮಾತು ಕಲಿತದ್ದೇ ಅವನ ಹೆಂಡತಿ ಮಾರ್ಡೆಲ್‌ಳ ಅಡುಗೆಮನೆಯಲ್ಲಿ, ಅವನನ್ನು ಅವಳು ಕರೆಯುತ್ತಿದ್ದದ್ದೇ ಅಜ್ಜ ಎಂದು. ಈಗ ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ ಬೆಳೆದಿದ್ದಳು. ಆ ಎತ್ತರದಿಂದ ವಾಲಿಬಾಲನ್ನು ಕೆಳಗೆ ಬಡಿದಳೆಂದರೆ ಎದುರಿನವರು ಕೈಯೊಡ್ಡುವ ಬದಲು ಪಕ್ಕಕ್ಕೆ ಸರಿಯುತ್ತಿದ್ದರು. ಬಫಲೊ ಬೆಂಡ್ ಕಾಲೇಜಿನವರು ಅವಳಿಗೆ ಬಲೆ ಬೀಸಿದ್ದರು. ಅವರ ತಂಡದ ಹೆಸರು ನೇಗಿಲಿಗರು. ಗಡಿಯಾಚೆ ಕಾನ್ಸಾಸ್‌ನ ಪ್ರೇರಿ ತೋಳಗಳು ಎಂಬ ಕಾಲೇಜು ತಂಡದವರೂ ಬಲೆ ಬೀಸಿದ್ದರು. ನೇಗಿಲಿಗರ ಅಂಗಿ ತೊಟ್ಟು ಕೋರಾ ಆಡುವುದನ್ನು ನೋಡಬೇಕು ಅನ್ನುವುದು ಎಲ್ಡನ್‌ಗೆ ಉಳಿದಿದ್ದ ಒಂದೇ ಆಸೆ. ಅದನ್ನು ಅವನು ಚರ್ಚಿನಲ್ಲಿ ದೇವರಿಗೂ ಹೇಳಿದ್ದ, ಬೀಜದ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.

ಕೋರಾ ತನ್ನ ಕೆಂಪು ಕಡಸು ಡಚೆಸ್‌ಳ ಪಕ್ಕ ನಿಂತ ಚಿತ್ರವನ್ನು ಫೇಸ್‌ಬುಕ್ಕಿಗೆ ಹಾಕಿದಾಗ ಎಲ್ಡನ್ ಕನ್ನಡಕ ಹಾಕಿಕೊಂಡು, ಒಂದು ಬೆರಳಲ್ಲಿ ಒತ್ತಿ ಒತ್ತಿ, ಅದರ ಕೆಳಗೆ ಬರೆದ: “ಇಬ್ಬರೂ ಚೆಂದ. ನೇಗಿಲಿಗರ ಕಡೆ ಬಾರಮ್ಮ, ಮಾರ್ಡೆಲ್ ನಿಂಗೆ ವಾರವಾರ ಪೈ ಮಾಡಿಕೊಡ್ತಾಳೆ.”

ಮಾರನೆಯ ಬೆಳಿಗ್ಗೆಯೇ ಕಾಲೇಜಿನಿಂದ ಫೋನು ಬಂತು. ಮಾತಾಡಿದವನು ಪ್ರೆಸ್ಟನ್ ಎಂಬ ಎಳೆಯ ದನಿಯ ನಿಯಮಾಧಿಕಾರಿ; ತಂಡ ಯಾವ ನಿಯಮವನ್ನೂ ಮುರಿಯದಂತೆ ಕಾಯುವುದು ಅವನ ಕೆಲಸ.

“ಶ್ರೀಡರ್ ಅವರೇ, ನೀವು ನಮ್ಮ ತಂಡದ ಪೋಷಕರು.”

“ನಾನಾ? ಯಾವಾಗಿಂದ?”

“ತಂಡದ ಸಹಾಯಾರ್ಥ ಊಟಕ್ಕೆ ಅರ್ಧ ಹೋರಿಯ ಮಾಂಸ ಕೊಟ್ಟಿದ್ರಲ್ಲ, ಆವತ್ತಿಂದ. ತಂಡಕ್ಕೆ ಏನಾದ್ರೂ ಕೊಟ್ಟವರು ಪೋಷಕರು. ಒಮ್ಮೆ ಆದ್ರೆ ಸಾಯೋ ತನಕ.”

“ಸರಿ, ಸಂತೋಷ.”

“ಸಂತೋಷ ಅಲ್ಲ ಸರ್. ನಾವು ಸೇರಿಸ್ಕೋಬೇಕು ಅಂತಿರೋ ಆಟಗಾರರನ್ನ ಪೋಷಕರು ಸಂಪರ್ಕಿಸೋ ಹಾಗಿಲ್ಲ. ಅವರ ಪುಟದಲ್ಲಿ ಬರೆಯೋದು, ಮೆಸೇಜು ಹಾಕೋದು, ಬಾ ಅಂತ ಕರೆಯೋದು, ಯಾವುದೂ ಇಲ್ಲ. ನೀವು ಕರೆದದ್ದಲ್ಲದೆ ಪೈ ಬೇರೆ ಕೊಡ್ತೀನಿ ಅಂದಿದೀರಿ. ಅದು ಆಮಿಷ.”

“ಅಯ್ಯೋ, ಹಿತ್ತಲಲ್ಲಿ ಬೆಳೆದ ಹುಳಿದಂಟಿನ ಪೈ ಕಣಪ್ಪಾ ಅದು.”

“ಯಾವ ಪೈ ಆದ್ರೂ ಅಷ್ಟೇ ಸರ್. ಇನ್ನೊಂದು ಸಲ ಹೀಗಾದ್ರೆ ಆ ಹುಡುಗಿ ನಮ್ಮಲ್ಲಿ ಆಡೋ ಅರ್ಹತೆಯೇ ಹೋಗಬಹುದು.”

ಎಲ್ಡನ್ ಕುರ್ಚಿಯ ಮೇಲೆ ಕೂತುಬಿಟ್ಟ. ದಾರಿಯಲ್ಲಿ ಸಿಕ್ಕರೆ ಹೇಗಿದೀಯಾ ಅನ್ನಬಹುದು, ಆಟದ ಮಾತು ಮಾತ್ರ ಬೇಡ ಎಂದು ಪ್ರೆಸ್ಟನ್ ಕೊನೆಯಲ್ಲಿ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಬಿದ್ದಿದ್ದರೂ ಪ್ರಯೋಜನವಿರಲಿಲ್ಲ. ಬೇಲಿ ಇಲ್ಲಿ ಹಾಕು ಅಂದರೆ ಒಂದು ಮಾರು ಹಿಂದಕ್ಕೇ ಹಾಕುವ ಜಾತಿಯವನು ಅವನು. ಬರೆದದ್ದನ್ನು ಅಳಿಸಿದ, ಫೋನನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟ, ಬೆರಳೆತ್ತುವುದನ್ನೂ ನಿಲ್ಲಿಸಿದ.

“ಬೆರಳಲ್ಲೇನು ಆಮಿಷ ಇರುತ್ತೇರೀ?” ಎಂದಳು ಮಾರ್ಡೆಲ್.

“ನಿಂಗೊತ್ತಿಲ್ಲ ಸುಮ್ನಿರು. ನಾನು ಬೆರಳೆತ್ತಿ, ಅದನ್ನ ಯಾರೋ ಫೋಟೊ ತೆಗೆದು, ಎಲ್ಲೋ ಹಾಕಿ, ಆ ಮಗು ಬದುಕು ಹಾಳಾದ್ರೆ?”

“ಹೋಗಿ ಲೈಲ್‌ಗಾದ್ರೂ ವಿಷಯ ಹೇಳಿ.”

“ಅಪ್ಪನಿಗೆ ಹೇಳಿದ್ರೆ ಮಗಳಿಗೆ ಹೇಳಿದ ಹಾಗೇ ಅಲ್ವೇನೇ?”

ಕಾರಣ ಗೊತ್ತಿಲ್ಲದ ಊರು ತನಗೆ ತೋಚಿದ ಕಾರಣಗಳನ್ನು ಹುಟ್ಟಿಸಿಕೊಂಡಿತು. ಕೊವಾರಿಕ್‌ರ ಗೂಳಿ ಶ್ರೀಡರ್‌ರ ಹಸುಗಳ ಕಡೆ ನುಗ್ಗಿದ್ದೇ ಕಾರಣ ಎಂದರು ಕೆಲವರು, ಅಲ್ಲ, ಚರ್ಚಿನ ಛಾವಣಿಗೆ ಬಣ್ಣ ಆರಿಸುವಾಗ ಆದ ಜಗಳ ಎಂದರು ಇನ್ನು ಕೆಲವರು. ಕೋರಾಳ ಅಪ್ಪ ಲೈಲ್ ಬೇಲಿಗೆ ಕೈಹಾಕಿದ. ಎರಡು ಹೊಲಗಳ ನಡುವಿನ ಬೇಲಿಯಲ್ಲಿ ತನ್ನ ಪಾಲಿನ ಅರ್ಧವನ್ನು ಮಾತ್ರ ಬಿಚ್ಚಿ, ಹೊಸ ಕಂಬ ನೆಟ್ಟು, ಹೊಸ ತಂತಿ ಎಳೆದ. ಎಲ್ಡನ್‌ನ ಅರ್ಧ ಜೋತುಬಿದ್ದಿತ್ತು. ಅದು ಹಾಗಿದೆ ಎಂದು ಲೋಕಕ್ಕೆಲ್ಲ ತೋರಿಸುವ ಹಾಗೆ ಹೊಸ ತಂತಿ ಥಳಥಳ ಹೊಳೆಯಿತು. ಅದನ್ನು ಕಂಡ ಎಲ್ಡನ್‌ಗೆ ಆ ರಾತ್ರಿ ಊಟ ಸೇರಲಿಲ್ಲ.

ಡಚೆಸ್ ನುಗ್ಗಿದ್ದು ಆ ಜೋತುಬಿದ್ದ ಅರ್ಧದಿಂದಲೇ.

ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಎಲ್ಡನ್ ಹೊರಗೆ ಬಂದು ನೋಡಿದರೆ ಅವನು ಮೇವಿಗೆಂದು ಬೆಳೆದ ಕುದುರೆ ಮೆಂತ್ಯದ ಹೊಲದ ನಡುವೆ ಕೆಂಪು ಕಡಸು ಎದೆಯವರೆಗೆ ಮುಳುಗಿ ನಿಂತು ಮೇಯುತ್ತಿತ್ತು. ಹಸಿಯಾದ, ಎಳೆಯ ಕುದುರೆ ಮೆಂತ್ಯವನ್ನು ಖಾಲಿ ಹೊಟ್ಟೆಯ ದನ ತಿಂದರೆ ಹೊಟ್ಟೆ ಉಬ್ಬರಿಸಿ ಸಾಯುವುದೂ ಉಂಟು. ಎಡ ಪಕ್ಕೆ ಆಗಲೇ ಬಿಗಿದುಕೊಂಡಿತ್ತು. ಲೈಲ್ ಮತ್ತು ಅವನ ಹೆಂಡತಿ ದನದ ಹರಾಜಿಗೆ ಹೋಗಿದ್ದರು. ಮಾರ್ಡೆಲ್ ಹಚ್ಚಿದ ಫೋನನ್ನು ಲೈಲ್ ಎತ್ತಲಿಲ್ಲ. ಕೋರಾ ಶಾಲೆಯ ಅಂಗಳದಲ್ಲಿ ಬೆಳಗಿನ ಅಭ್ಯಾಸದಲ್ಲಿದ್ದಳು. ಎಲ್ಡನ್ ಹಿಟ್ಟಿನ ಡಬ್ಬದ ಹಿಂದಿನಿಂದ ಫೋನು ತೆಗೆದು ಪ್ರೆಸ್ಟನ್‌ಗೆ ಹಚ್ಚಿದ.

“ಆ ಹುಡುಗಿ ಕಡಸು ನನ್ನ ಹೊಲದಲ್ಲಿದೆ. ಅವಳಿಗೊಂದು ಮೆಸೇಜು ಹಾಕ್ಲಾ?”

“ಹೊಲದಲ್ಲಿ ಏನ್ ಮಾಡ್ತಿದೆ ಸರ್?”

“ಓದ್ತಾ ಇದೆ! ಮೇಯ್ತಿದೆ ಕಣಯ್ಯಾ.”

“ನಿಮ್ಮ ಮೇವಾ? ಪುಕ್ಕಟೆಯಾಗಾ?”

“ನಾನೇನ್ ಬಡಿಸಿದ್ನಾ?”

“ಆಟಗಾರ್ತಿಯ ಪ್ರಾಣಿಗೆ ಪೋಷಕರಿಂದ ಉಚಿತ ಆಹಾರ… ಇದನ್ನ ನಾನು ಮೇಲಿನವರಿಗೆ ಕೇಳಬೇಕು. ಅಲ್ಲೀವರೆಗೂ ಅದನ್ನ ತಿನ್ನೋಕೆ ಬಿಡಬೇಡಿ.”

“ತಿಂದಾಯ್ತು! ಹೊಟ್ಟೆ ಉಬ್ಬರಿಸ್ತಿದೆ. ಎಣ್ಣೆ ಕುಡಿಸ್ಬೇಕು.”

“ನೀವು ಕುಡಿಸಿದ್ರೆ ಅದು ಉಚಿತ ವೈದ್ಯಕೀಯ ಸೇವೆ ಸರ್.” ಪಾಪ, ಅವನು ಹಾಳೆ ತಿರುವಿದ ಸದ್ದು ಕೇಳಿಸಿತು. “ಕುಡಿಸದಿದ್ರೆ?”

“ಸಾಯುತ್ತೆ.”

“ಸತ್ತರೆ ನಿಯಮದಲ್ಲಿ ಏನೂ ತೊಂದರೆ ಇಲ್ಲ,” ಎಂದ ಪ್ರೆಸ್ಟನ್. ಆಮೇಲೆ, ಮನುಷ್ಯನ ದನಿಯಲ್ಲಿ, “ಸರ್, ಕುಡಿಸಿಬಿಡಿ. ನಾನು ಏನಾದ್ರೂ ಬರೀತೀನಿ. ಆದ್ರೆ ಅವಳ ಹತ್ರ ಮಾತ್ರ ಮಾತಾಡಬೇಡಿ. ನಿಮ್ಮ ಮನೆಯವರೂ ಅಷ್ಟೇ.”

ಮಾರ್ಡೆಲ್ ಅಷ್ಟರಲ್ಲಿ ತನ್ನ ಫೋನಿನಿಂದ ಊರಿನ ಗುಂಪಿಗೆ ಬರೆದಾಗಿತ್ತು. ದನ ತಪ್ಪಿಸಿಕೊಂಡಾಗಲೆಲ್ಲ ಎಲ್ಲರೂ ಬರೆಯುವ ಗುಂಪು ಅದು. ಹೆಸರು ಹಾಕುವ ಹಾಗಿಲ್ಲ ಎಂದು ಗಂಡ ಕೂಗಿ ಹೇಳಿದ್ದರಿಂದ ಹೀಗೆ ಬರೆದಿದ್ದಳು: “ಯಾರದೋ ಕೆಂಪು ಕಡಸು ಯಾರದೋ ಹೊಲದಲ್ಲಿ ಹೊಟ್ಟೆ ಉಬ್ಬರಿಸಿಕೊಂಡು ನಿಂತಿದೆ.” ಆ ಸುತ್ತಿನಲ್ಲಿ ಕೆಂಪು ಕಡಸು ಇದ್ದದ್ದು ಅದೊಂದೇ. “ಯಾರದೋ ಅಂತೆ! ನೆರೆಯವರ ಹೆಸರು ಹೇಳಿದ್ರೆ ನಾಲಿಗೆ ಸವೆಯುತ್ತಾ?” ಎಂದು ಒಬ್ಬಳು ಕೆಳಗೆ ಬರೆದಳು. ಜನ ಎರಡು ಪಕ್ಷವಾಗಿ ಅಲ್ಲೇ ಕಿತ್ತಾಡತೊಡಗಿದರು.

ಕೋರಾಳ ಪಿಕಪ್ ಧೂಳೆಬ್ಬಿಸುತ್ತ ಬಂದು ನಿಂತಾಗ ಎಲ್ಡನ್ ಕಡಸನ್ನು ದಿಬ್ಬದ ಮೇಲೆ, ಮುಂಗಾಲು ಎತ್ತರಕ್ಕಿರುವ ಹಾಗೆ ನಿಲ್ಲಿಸಿಕೊಂಡಿದ್ದ. ಒಂದು ತುಂಡು ಹೋಸ್ ಪೈಪನ್ನು ಅದರ ಗಂಟಲಿಗೆ ಇಳಿಸಿ, ಮಾರ್ಡೆಲ್‌ಳ ಅಡುಗೆ ಎಣ್ಣೆ ಸುರಿಯುತ್ತಿದ್ದ. ಹುಡುಗಿ ಆಟದ ಚಡ್ಡಿಯಲ್ಲೇ ಓಡಿ ಬಂದಳು.

“ಬದುಕುತ್ತಾ ಅಜ್ಜ?”

ಎಲ್ಡನ್ ಕಡಸಿನ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದ: “ಡಚೆಸ್, ನಿನ್ನ ಒಡತಿಗೆ ಹೇಳು, ಎಡ ಪಕ್ಕೆ ಒತ್ತಿ ಉಜ್ಜಬೇಕು ಅಂತ.”

ಕೋರಾ ಅವನನ್ನು ನೋಡಿದಳು, ಕಡಸನ್ನು ನೋಡಿದಳು, ಪಕ್ಕೆ ಉಜ್ಜತೊಡಗಿದಳು. ಸ್ವಲ್ಪ ಹೊತ್ತಿಗೆ ಕಡಸು ದೊಡ್ಡದಾಗಿ ತೇಗಿತು. ನಾತ ಇಬ್ಬರ ಮುಖಕ್ಕೂ ಬಡಿಯಿತು. ಎಲ್ಡನ್‌ಗೆ ಅದು ಚರ್ಚಿನ ಗಂಟೆ ಕೇಳಿದಷ್ಟು ಹಿತವಾಯಿತು.

“ಡಚೆಸ್,” ಎಂದಳು ಕೋರಾ, ಉಜ್ಜುವ ಕೈ ನಿಲ್ಲಿಸದೆ, “ಅಜ್ಜನ್ನ ಕೇಳು, ನಾವೇನ್ ತಪ್ಪು ಮಾಡಿದ್ವಿ ಅಂತ. ಅಪ್ಪ ರಾತ್ರಿ ನಿದ್ದೆ ಮಾಡ್ತಿಲ್ಲ.”

“ಡಚೆಸ್, ತಪ್ಪೇನೂ ಇಲ್ಲ ಅನ್ನು. ನಾನು ಪೋಷಕ ಅಂತೆ. ನಾನು ಮಾತಾಡಿದ್ರೆ ಅವಳನ್ನ ಆಡೋಕೆ ಬಿಡಲ್ವಂತೆ.”

ಕೋರಾ ನಗಲಿಲ್ಲ. ಕಡಸಿನ ಬೆನ್ನಿನ ಮೇಲೆ ಗಲ್ಲವೂರಿದಳು. “ನೇಗಿಲಿಗರನ್ನ ಸೇರಿದ ಮೇಲಾದ್ರೂ ಸರಿ ಹೋಗುತ್ತಾ, ಕೇಳು.”

ಎಲ್ಡನ್ ಅದನ್ನೂ ಪ್ರೆಸ್ಟನ್‌ನಿಂದ ಕೇಳಿ ತಿಳಿದುಕೊಂಡಿದ್ದ. ಸೇರಿದ ಮೇಲೆ ಮಾತಾಡಬಹುದು, ಆದರೆ ಏನೂ ಕೊಡುವ ಹಾಗಿಲ್ಲ. ಊಟಕ್ಕೆ ಕೂರಿಸುವ ಹಾಗಿಲ್ಲ, ಗಾಡಿ ಕೆಟ್ಟರೆ ಅವಳನ್ನು ಮನೆಗೆ ಬಿಟ್ಟು ಬರುವ ಹಾಗಿಲ್ಲ. “ಡಚೆಸ್, ಆಗಲೂ ನಾನು ಬರೀ ಗೂಟದ ಹಾಗೆ ನಿಂತಿರಬೇಕು ಅನ್ನು.”

“ಹಾಗಾದ್ರೆ ನೀನು ಅಜ್ಜಂಗೆ ಹೇಳಿಬಿಡು,” ಎಂದಳು ಕೋರಾ. “ನಾನು ತೋಳಗಳ ಕಡೆ ಹೋಗ್ತೀನಿ. ಅಜ್ಜ ಅವರ ಪೋಷಕ ಅಲ್ವಲ್ಲ. ಅವರ ಕೋಚ್‌ಗೆ ಇವತ್ತೇ ಹೂಂ ಅಂತೀನಿ.”

ಎಲ್ಡನ್ ನೆಟ್ಟಗೆ ನಿಂತ. ಬೇಡ ಕಣೇ, ನಮ್ಮ ಕಡೆ ಬಾರೇ ಎಂಬ ಮಾತು ಗಂಟಲವರೆಗೆ ಬಂದಿತ್ತು. ಲೋಕದಲ್ಲಿ ಅವನು ಆಡಲೇಬಾರದ ಮಾತು ಯಾವುದಾದರೂ ಇದ್ದರೆ ಅದೊಂದೇ ಆಗಿತ್ತು. ಕಡಸಿಗೂ ಹೇಳುವ ಹಾಗಿರಲಿಲ್ಲ. ಕೋರಾ ಕಡಸಿನ ಆಚೆಯಿಂದ ಅವನ ಮುಖವನ್ನೇ ನೋಡುತ್ತ ಕಾದಳು. ಅವನು ಹೇಳಲಿ ಎಂದು ಕಾಯುತ್ತಿದ್ದಾಳೋ, ಹೇಳದಿರಲಿ ಎಂದೋ, ಅವನಿಗೆ ತಿಳಿಯಲಿಲ್ಲ. ಎಣ್ಣೆ ಮೆತ್ತಿದ ಕೈಗಳನ್ನು ಅವನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

“ಕಾನ್ಸಾಸ್ ದಾರಿ ಕೆಟ್ಟದ್ದು,” ಎಂದ ಕೊನೆಗೆ. ಈ ಸಲ ಕಡಸಿಗಲ್ಲ, ಅವಳಿಗೇ. “ನನ್ನ ಪಿಕಪ್ ಟೈರು ಸವೆದಿದೆ. ಹೊಸದು ಹಾಕಿಸ್ಬೇಕು.”

“ಹಾಗಾದ್ರೆ ಬರ್ತೀರಾ ಅಜ್ಜ?”

“ತೋಳಗಳಿಗೆ ಚಪ್ಪಾಳೆ ತಟ್ಟಲ್ಲ. ಅದನ್ನ ಮಾತ್ರ ಕೇಳ್ಬೇಡ,” ಎಂದ ಎಲ್ಡನ್. ಕಡಸಿನ ಕೊರಳ ಹಗ್ಗವನ್ನು ಅವಳ ಕೈಗೆ ಕೊಟ್ಟ. “ಕೂತು ನೋಡ್ತೀನಿ, ಅಷ್ಟೇ.”