ಮಹೇಶ್ವರಪ್ಪನವರು ಹೇಳಿಕೊಟ್ಟ ಸಾವು

ರಂಗದ ಮೇಲೆ ಮಣೆ ತಂದಿಟ್ಟಾಗಲೇ ಮಹೇಶ್ವರಪ್ಪನವರ ಎದೆ ಧಸಕ್ಕೆಂದಿತು. ಮೇಳದವರಿಬ್ಬರು ಮಣೆಯನ್ನು ಹಿಂದಿನ ಹಲಗೆಗೋಡೆಗೆ ಒತ್ತಿಟ್ಟು, ಮೇಲಿದ್ದ ಮೊಳೆಗೆ ಬಿಳಿಬಟ್ಟೆಯ ಪಟ್ಟಿಯೊಂದನ್ನು ಕಟ್ಟಿದರು. ಹೆಣ ಕೂರಿಸಿದಾಗ ತಲೆ ವಾಲದ ಹಾಗೆ ಹಿಡಿಯುವ ಪಟ್ಟಿ ಅದು. ಅದನ್ನು ಎಲ್ಲಿ ಕಟ್ಟಬೇಕು, ಎಷ್ಟು ಅಗಲ ಇರಬೇಕು ಎಂದು ಹೇಳಿಕೊಟ್ಟವರು ಬೇರೆ ಯಾರೂ ಅಲ್ಲ, ಇದೇ ಮಹೇಶ್ವರಪ್ಪನವರು.

"ಏನೇ ಇದು? ಯಾರನ್ನ ಕೂರಿಸ್ತಾರೆ ಅಲ್ಲಿ?" ಎಂದು ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದರು.

"ಸುಮ್ನೆ ನೋಡ್ರಿ. ಹಿಂದೆ ಜನ ಕುಂತಾರೆ" ಎಂದರು ರಾಜೇಶ್ವರಮ್ಮ. ಆಕೆಯ ದನಿಯೂ ಸರಿಯಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಧನ್ಯಾ ಎಂಬಾಕೆ ಶಿಕಾರಿಪುರದಲ್ಲಿರುವ ಅವರ ಬೀಜ-ಗೊಬ್ಬರದ ಅಂಗಡಿಗೆ ಬಂದಿದ್ದಳು. ಮೈಸೂರಿನಲ್ಲಿ ಅವರ ಮಗಳು ಸೌಂದರ್ಯಳ ಜೊತೆ ಸಂಗೀತ ಕಲಿತವಳು. ಇಟಲಿಯ ಆಪೆರಾ ಒಂದನ್ನು ಕನ್ನಡಕ್ಕೆ ತಂದು ಸೊರಬದಲ್ಲಿ ಆಡಿಸುತ್ತೇನೆ, ನಿಮ್ಮ ಮಗಳೇ ನಾಯಕಿ ಎಂದಳು. ಆಪೆರಾ ಅಂದರೆ ಮಾತೇ ಇಲ್ಲ, ಎಲ್ಲ ಹಾಡಿನಲ್ಲೇ ನಡೆಯುತ್ತದೆ ಎಂದೂ ವಿವರಿಸಿದಳು.

"ಹಂಗಾರೆ ನಮ್ ದೊಡ್ಡಾಟನೇ ಅನ್ನಿ. ಅದಕ್ಕೆ ಇಟಲಿತನಕ ಯಾಕೆ ಹೋದ್ರಿ ತಾಯಿ!" ಎಂದು ಮಹೇಶ್ವರಪ್ಪ ಗತ್ತಿನಿಂದ ನಕ್ಕಿದ್ದರು. ಆಮೇಲೆ ಧನ್ಯಾ, ನಿಮ್ಮ ಕಡೆ ಸತ್ತವರನ್ನು ಹೇಗೆ ಇಡುತ್ತಾರೆ ಸರ್, ಎಂದು ಕೇಳಿದಳು. ಕೇಳುವವರು ಸಿಕ್ಕರೆ ಬಿಡುವ ಆಸಾಮಿಯೇ ಅವರು? ಚಹಾ ತರಿಸಿ ಶುರುಮಾಡಿದರು. ನಾವು ಲಿಂಗವಂತರು, ಮಲಗಿಸೋದಿಲ್ಲ, ಕೂರಿಸ್ತೀವಿ. ವಿಭೂತಿ ಇಲ್ಲಿಲ್ಲಿ ಹಚ್ಚಬೇಕು, ಲಿಂಗ ಎಡಗೈಯೊಳಗೆ ಇರಬೇಕು, ಭಜನೆ ನಿಲ್ಲಬಾರದು. ಧನ್ಯಾ ಮೊಬೈಲಿನಲ್ಲಿ ಎಲ್ಲವನ್ನೂ ರೆಕಾರ್ಡು ಮಾಡಿಕೊಂಡಳು.

ಆಟದಲ್ಲಿ ಯಾರೋ ಮುದುಕ ಸಾಯುತ್ತಾನೆ ಎಂದುಕೊಂಡಿದ್ದರು ಪುಣ್ಯಾತ್ಮರು. ನಾಯಕಿ ಸಾಯುವುದೆಂದರೇನು? ಅವರು ಕಂಡ ಆಟಗಳಲ್ಲೆಲ್ಲ ಎಷ್ಟೇ ಗೋಳಿದ್ದರೂ ಕೊನೆಗೆ ಮಂಗಳ ಹಾಡಿಯೇ ಜನರನ್ನು ಮನೆಗೆ ಕಳಿಸುತ್ತಿದ್ದರು. ಮಗಳನ್ನು ಕೇಳಿದಾಗ ಅವಳೂ "ಬಂದು ನೋಡಿ ಅಪ್ಪಾಜಿ" ಎಂದಷ್ಟೇ ಹೇಳಿ ಜಾರಿಕೊಂಡಿದ್ದಳು.

ಈಗ ಸೌಂದರ್ಯ ರಂಗದ ನಡುವೆ ನಿಂತು ಹಾಡುತ್ತಿದ್ದಳು. ಅವಳದು ಕ್ಯಾಸನೂರಿನ ಕಾಡಂಚಿನ ಹುಡುಗಿಯ ಪಾತ್ರ. ಸೌದೆಗೆ ಹೋಗಿ ಉಣ್ಣೆಹುಳ ಕಚ್ಚಿಸಿಕೊಂಡು ಮಂಗನಕಾಯಿಲೆ ಹತ್ತಿದೆ, ಜ್ವರ ಏರಿದೆ. ಮೊದಮೊದಲು ಅವಳ ದನಿ ಸೂರಿಗೆ ಹೋದಾಗಲೆಲ್ಲ ಕಿಸಕ್ಕೆನ್ನುತ್ತಿದ್ದ ಸಮುದಾಯಭವನ ಈಗ ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಆ ಜ್ವರವನ್ನು ಮನೆಯಲ್ಲಿ ಕಂಡವರು ಅಲ್ಲಿ ಬೇಕಾದಷ್ಟು ಜನರಿದ್ದರು. ಸೌಂದರ್ಯಳ ದನಿ ಮೇಲೆ ಮೇಲೆ ಹೋಗಿ, ಅಲ್ಲೇ ಸಣ್ಣಗಾಗಿ, ನಿಂತಿತು. ಅವಳು ಕುಸಿದಳು. ಮೇಳದವರು ಎತ್ತಿ ತಂದು ಮಣೆಯ ಮೇಲೆ ಕೂರಿಸಿದರು.

ಶಿವನೇ, ಏನಾದರೊಂದು ತಪ್ಪು ಮಾಡಲಿ ಇವರು! ಒಂದು ತಪ್ಪಿದ್ದರೂ ಸಾಕು, ಇದು ಬರೀ ಆಟವಾಗುತ್ತದೆ. ಮಹೇಶ್ವರಪ್ಪನವರು ಕಣ್ಣು ಕೀಲಿಸಿ ಹುಡುಕಿದರು. ಕಾಲು ಮಡಿಸಿದ್ದು ಸರಿ. ಹಣೆಯ ವಿಭೂತಿ ಸರಿ, ತೋಳಿನದೂ ಸರಿ. ಪಟ್ಟಿ ಸರಿಯಾದ ಕಡೆಯೇ ಬಿಗಿದಿದೆ. ಎಡಗೈ ಬಿಡಿಸಿ ಲಿಂಗವನ್ನೂ ಇಟ್ಟರು. ಅಯ್ಯೋ, ಅದನ್ನೂ ಒದರಿದ್ದೆನಲ್ಲ ಈ ಹಾಳು ಬಾಯಲ್ಲಿ ಎಂದು ತಮ್ಮನ್ನೇ ಬೈದುಕೊಂಡರು. ಪಿಟೀಲುಗಳು ಇಟಲಿಯ ರಾಗ ಹಿಡಿದಿದ್ದವು, ತಾಳ ಮಾತ್ರ ಊರಿನ ಭಜನೆಯದು.

ಅಷ್ಟರಲ್ಲಿ ಎರಡನೇ ಸಾಲಿನಿಂದ ಮುದುಕಿಯೊಬ್ಬಳು ಎದ್ದಳು. ಕುರಿ ಸಾಕುವ ಗುತ್ಯಪ್ಪನ ಹೆಂಡತಿ ಹೂವಮ್ಮ. ಚಪ್ಪಲಿ ಬಿಟ್ಟು ರಂಗದ ಮೆಟ್ಟಿಲು ಹತ್ತಿದಳು, ತಲೆಯಲ್ಲಿದ್ದ ಸೇವಂತಿಗೆ ತೆಗೆದು ಸೌಂದರ್ಯಳ ಪಾದದ ಹತ್ತಿರ ಇಟ್ಟು ಕೈಮುಗಿದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ನೋಡನೋಡುತ್ತ ಸಾಲೇ ಕಟ್ಟಿತು. ರಂಗದ ಪಕ್ಕದಲ್ಲಿ ನಿಂತಿದ್ದ ಧನ್ಯಾ ಕಕ್ಕಾಬಿಕ್ಕಿಯಾದಳು. ಇದು ಅವಳು ಕಲಿಸಿದ್ದಲ್ಲ.

"ಯಜಮಾನ್ರೇ, ನೀವ್ ಮೊದ್ಲು ಹೋಗ್ರಿ. ತಂದೆ ಅಲ್ವಾ?" ಎಂದ ಹಿಂದಿನ ಸಾಲಿನವನೊಬ್ಬ, ಬಲು ಮರ್ಯಾದೆಯಿಂದ.

ಮಹೇಶ್ವರಪ್ಪನವರಿಗೆ ರಕ್ತ ನೆತ್ತಿಗೇರಿತು. ದಡಕ್ಕನೆ ಎದ್ದರು. "ಎಬ್ಬಿಸ್ಕೊಂಡು ಬರ್ತೀನಿ. ಬದುಕಿರೋ ಮಗಳಿಗೆ ಏನ್ ಇದೆಲ್ಲಾ?"

ರಾಜೇಶ್ವರಮ್ಮ ಪಂಚೆಯ ಅಂಚು ಹಿಡಿದರು. "ಬ್ಯಾಡ್ರೀ, ನಿಮ್ ಕಾಲಿಗ್ ಬೀಳ್ತೀನಿ. ಈಗ ಎಬ್ಬಿಸಿದ್ರೆ ಅವಳು ಇನ್ನೆಲ್ಲೂ ಮುಖ ಎತ್ತಿ ಹಾಡಂಗಿಲ್ಲ."

"ಹಾಡದಿದ್ರೆ ಬಿಡ್ಲಿ. ಇದ್ರೆ ಸಾಕು!"

ಅಂಚು ಬಿಡಿಸಿಕೊಂಡು ಹೊರಟರು. ಜನ ದಾರಿ ಬಿಟ್ಟರು, ಸಾವಿನ ಮನೆಯಲ್ಲಿ ಬಿಡುವ ಹಾಗೆಯೇ. ಅದನ್ನು ಕಂಡು ಅವರಿಗೆ ಇನ್ನಷ್ಟು ಭಯವಾಯಿತು. ಮೆಟ್ಟಿಲು ಹತ್ತಿ ಮಗಳ ಎದುರು ನಿಂತರು.

"ಸೌಂದರ್ಯ, ಏಳು" ಎಂದರು. ಬಗ್ಗಿ ಮತ್ತೆ ಹೇಳಿದರು, "ಏಳವ್ವ. ಸಾಕು."

ಅವಳ ರೆಪ್ಪೆ ಅಲುಗಲಿಲ್ಲ. ತುಟಿಯೂ ಅಲುಗಿದಂತೆ ಕಾಣಲಿಲ್ಲ. ಆದರೂ ದನಿ ಬಂತು.

"ಅಪ್ಪಾಜಿ, ಇನ್ನೊಂದ್ ಪದ ಐತೆ. ಅವ್ರು ಹಾಡ್ಲಿ."

ಆಗ ನೋಡಿದರು. ಅಷ್ಟು ಹೊತ್ತು ಹಾಡಿ ದಣಿದ ಮಗಳ ಹೊಟ್ಟೆ ಸೆರಗಿನಡಿ ಏರಿಳಿಯುತ್ತಿತ್ತು. ಎಷ್ಟು ತಡೆದುಕೊಂಡರೂ ನಿಲ್ಲುತ್ತಿರಲಿಲ್ಲ. ಒಂದು ತಪ್ಪು ಹುಡುಕುತ್ತಿದ್ದರಲ್ಲ, ಇದೇ ಆ ತಪ್ಪು. ಅವರ ಜೀವಕ್ಕೆ ಜೀವ ಬಂದಂತಾಯಿತು. ಅಳು ಬಂತು, ತಡೆಯಲೂ ಇಲ್ಲ.

"ಲೇ, ಹೆಣ ಉಸಿರಾಡ್ತದೆ ನೋಡ್ರೋ" ಎಂದು ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಒಂದು ನಗೆ ಹೊರಟಿತು.

ಮಹೇಶ್ವರಪ್ಪ ಸರ್ರನೆ ತಿರುಗಿ ಆ ಕಡೆ ದುರುಗುಟ್ಟಿದರು. ನಗೆ ಅಲ್ಲೇ ಅಡಗಿತು. ಹೆಗಲ ಮೇಲಿದ್ದ ಶಲ್ಯವನ್ನು ಬಿಡಿಸಿ ಮಗಳ ಕೊರಳಿನಿಂದ ಮಡಿಲಿನವರೆಗೆ ಹೊದಿಸಿದರು. ಮಡಿಕೆ ಸಡಿಲವಾಗಿಯೇ ಇರಲಿ ಎಂದು ಅಲ್ಲಲ್ಲಿ ಎಳೆದು ಬಿಟ್ಟರು. ಈಗ ಏನೂ ಕಾಣುತ್ತಿರಲಿಲ್ಲ. ಆಮೇಲೆ ಅವಳ ಪಕ್ಕದಲ್ಲಿ, ಮನೆಯವರು ಕೂರುವ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕುಳಿತರು.

ಮೇಳದವರು ಕೊನೆಯ ಪದ ಎತ್ತಿಕೊಂಡರು. ಹೂವಮ್ಮ ಕೆಳಗಿಳಿಯದೆ ಅಲ್ಲೇ ನಿಂತು ತಾಳ ಹಾಕತೊಡಗಿದಳು. ಮಹೇಶ್ವರಪ್ಪನವರು ಯಾರಿಗೂ ಕಾಣದ ಹಾಗೆ ಶಲ್ಯದಡಿ ಕೈ ತೂರಿಸಿ ಮಗಳ ಬಲಗೈ ಹಿಡಿದುಕೊಂಡರು. ಅದು ಬೆವೆತು ಬೆಚ್ಚಗಿತ್ತು.